ಎಂಜಿನ್ನಿನ ಉಸಿರು: ಜಾಹೀರಾತು ಮಾಡದ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 11 ಕಿಲೋಗ್ರಾಂ ಗಾಳಿ ಬೇಕು. ಗಾತ್ರದಲ್ಲಿ ಇದು ಹತ್ತು ಘನ ಮೀಟರಿಗೆ ಹತ್ತಿರ, ಎಂದರೆ ಒಂದು ಚಿಕ್ಕ ಕೋಣೆಯ ತುಂಬ! ಆದ್ದರಿಂದ 'ಎಂಜಿನ್ನಿಗೆ ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಶಕ್ತಿ' ಎಂಬ ಮಾತು ಸುಳ್ಳಲ್ಲ. ಈ ಮಾತನ್ನೇ ಬಂಡವಾಳ ಮಾಡಿಕೊಂಡು ಕಾರಿನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಮೂರು ಬಗೆಯ 'ಏರ್ ಇನ್‌ಟೇಕ್'ಗಳು ಮಾರಾಟವಾಗುತ್ತಿವೆ. ಬಾನೆಟ್ಟಿನ ಒಳಗೇ ನಿಲ್ಲುವ ಗಿಡ್ಡ ಕೊಳವೆ ಮತ್ತು ಶಂಕುವಿನಾಕಾರದ ಫಿಲ್ಟರು 'ಶಾರ್ಟ್ ರ‍್ಯಾಮ್'. ಉದ್ದ ಕೊಳವೆಯ ಮೂಲಕ ಬಂಪರಿನ ಕೆಳಗಿನಿಂದ ಗಾಳಿ ಎಳೆಯುವುದು 'ಕೋಲ್ಡ್ ಏರ್'. ಕಾರಿನ ವೇಗದಿಂದಲೇ ಗಾಳಿಯನ್ನು ಒತ್ತಿ ತುಂಬುತ್ತೇನೆ ಎನ್ನುವುದು 'ರ‍್ಯಾಮ್ ಏರ್'. ಯಾವುದನ್ನು ಕೊಳ್ಳಬೇಕೆಂದು ವಿದ್ಯಾರ್ಥಿಗಳೂ ಕೇಳುತ್ತಾರೆ, ಕಾರು ಕೊಂಡ ಹೊಸ ಅಧ್ಯಾಪಕರೂ ಕೇಳುತ್ತಾರೆ. ಈ ಜಾಹೀರಾತುಗಳ ಭೌತವಿಜ್ಞಾನ ದಿಕ್ಕಿನಲ್ಲಿ ಸರಿಯಾಗಿದೆ, ಪರಿಮಾಣದಲ್ಲಿ ದಾರಿ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ರ‍್ಯಾಮ್ ಏರ್. ಚಲಿಸುವ ಗಾಳಿಯ ಒತ್ತಡ ಅದರ ಸಾಂದ್ರತೆ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧದಷ್ಟು. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 27.8 ಮೀಟರ್. ಗಾಳಿಯ ಸಾಂದ್ರತೆಯನ್ನು 1.13 ಎಂದಿಟ್ಟುಕೊಂಡರೆ ಸಿಗುವುದು ಸುಮಾರು 435 ಪಾಸ್ಕಲ್. ವಾಯುಮಂಡಲದ ಒತ್ತಡ ಒಂದು ಲಕ್ಷ ಪಾಸ್ಕಲ್. ಲಾಭ ಶೇಕಡ ಅರ್ಧವೂ ಇಲ್ಲ! ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಘಟ್ಟದ ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ 30 ಕಿ.ಮೀ. ವೇಗದಲ್ಲಿ ತೆವಳುವವರಿಗೆ ಎಷ್ಟು ಸಿಕ್ಕೀತೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಶಾರ್ಟ್ ರ‍್ಯಾಮ್‌ನ ಕಥೆ ಇನ್ನೂ ವಿಚಿತ್ರ. ಹೊರಗೆ 40 ಡಿಗ್ರಿ ಸೆಲ್ಸಿಯಸ್, ಬಾನೆಟ್ಟಿನ ಒಳಗೆ 60 ಡಿಗ್ರಿ ಎಂದು ಹಿಡಿಯೋಣ. ನಿರಪೇಕ್ಷ ಉಷ್ಣತೆ 313ರಿಂದ 333ಕ್ಕೆ ಏರಿದಂತಾಯಿತು; ಗಾಳಿಯ ಸಾಂದ್ರತೆ ಶೇಕಡ 6ರಷ್ಟು ಇಳಿಯಿತು. ಹಣ ಕೊಟ್ಟು ಶಕ್ತಿ ಕಳೆದುಕೊಳ್ಳುವ ಉಪಾಯವಿದು. ಆದರೂ ಹಾಕಿಸಿಕೊಂಡವರು 'ಪಿಕಪ್ ಜಾಸ್ತಿಯಾಗಿದೆ' ಎನ್ನುತ್ತಾರೆ. ಜಾಸ್ತಿಯಾಗಿರುವುದು ಸದ್ದು. ಕಾರಿನ ಮೂಲ ಕೊಳವೆಗೆ ಎಲ್ಲಿಗೂ ಹೋಗದ ಒಂದು ಕುರುಡು ಕೋಣೆಯನ್ನು ಜೋಡಿಸಿರುವುದುಂಟು. ಅದು ಹೆಲ್ಮ್‌ಹೋಲ್ಟ್ಸ್ ಅನುನಾದಕ, ಗಾಳಿ ಎಳೆಯುವಾಗಿನ ಗುಡುಗನ್ನು ಅಡಗಿಸುವ ಸಾಧನ. ಅದನ್ನು ಕಿತ್ತೊಗೆದರೆ ಗುಡುಗು ಕೇಳುತ್ತದೆ, ಕಿವಿ ಅದನ್ನು ಶಕ್ತಿಯೆಂದು ಓದಿಕೊಳ್ಳುತ್ತದೆ.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೂ ಆಧಾರ ಸಾಲದು. ಪೆಟ್ರೋಲ್ ಕಾರಿನಲ್ಲಿ ಸಾಧಾರಣ ಓಟದ ವೇಳೆ ಗಾಳಿಗೆ ದೊಡ್ಡ ತಡೆ ಥ್ರಾಟಲ್ ಬಾಗಿಲೇ ಹೊರತು ಫಿಲ್ಟರಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂದಿನ ಮಾದರಿಯ ಇಂಧನ ನಿಯಂತ್ರಣವಿರುವ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡಾಗಲೂ ಇಂಧನ ಬಳಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವೇಗೋತ್ಕರ್ಷ ಮಾತ್ರ ಕುಗ್ಗಿತು.

ಉಳಿದದ್ದು ಕೋಲ್ಡ್ ಏರ್. ಇದರ ತತ್ತ್ವ ನಿರ್ದುಷ್ಟ. ಆದರೆ ಹೆಚ್ಚಿನ ಕಾರುಗಳ ಮೂಲ ಪೆಟ್ಟಿಗೆಯೇ ಮುಂಭಾಗದ ಜಾಲರಿಯ ಹಿಂದಿನಿಂದ ಹೊರಗಾಳಿಯನ್ನು ಎಳೆಯುತ್ತದೆ. ಹೊಸ ಕೊಳವೆ ಇನ್ನು 3 ಡಿಗ್ರಿ ತಂಪಾದ ಗಾಳಿ ತಂದರೂ ಲಾಭ ಶೇಕಡ 1. ಇದಕ್ಕೆ ತೆರುವ ಬೆಲೆಯೆಂದರೆ ಫಿಲ್ಟರು ಚಕ್ರದ ಪಕ್ಕಕ್ಕೆ, ನೆಲದ ಸಮೀಪಕ್ಕೆ ಇಳಿಯುತ್ತದೆ. ತುಂಗಭದ್ರಾ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ಸಂಚಾರವನ್ನೂ ನಿಲ್ಲಿಸುತ್ತಾರೆ. ಆದರೆ ಗದ್ದೆ ಬದಿಯ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಂತಾಗ ತಡೆಯುವವರಿಲ್ಲ. ಮೂರು ಸಿಲಿಂಡರುಗಳ 1200 ಸಿ.ಸಿ. ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರು 400 ಸಿ.ಸಿ. ಸಂಪೀಡನ ಅನುಪಾತ 10 ಇದ್ದರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 44 ಸಿ.ಸಿ. ನೀರು ಕುಗ್ಗುವುದಿಲ್ಲ. ಅಷ್ಟು ನೀರು, ಎಂದರೆ ಅರ್ಧ ಲೋಟಕ್ಕಿಂತ ಕಡಿಮೆ, ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಇದರ ಅರ್ಧ ಸಾಕು.

ಇಷ್ಟಾದರೂ ನಮ್ಮ ಸೀಮೆಯ ಮುಖ್ಯ ಪ್ರಶ್ನೆ ಅಶ್ವಶಕ್ತಿಯದಲ್ಲ, ಧೂಳಿನದು. ಈ ನಾಲ್ಕು ಊರುಗಳ ನಡುವೆ ಮೂರು ಬಗೆಯ ಧೂಳಿದೆ. ಹಂಪಿಯ ಬಂಡೆಗಳು ಸವೆದು ಬಂದ ಮರಳಿನಲ್ಲಿ ಬೆಣಚು. ಕಂಪ್ಲಿಯ ಒಕ್ಕಣೆಯ ಕಾಲದಲ್ಲಿ ಭತ್ತದ ಹೊಟ್ಟಿನ ಪುಡಿ. ಅದರಲ್ಲಿಯೂ ಸಿಲಿಕಾ ಇದೆ. ಸಂಡೂರಿನಿಂದ ಹೊಸಪೇಟೆಯವರೆಗೆ ಕೆಂಪು ಹೆಮಟೈಟ್. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ರಸ್ತೆಯ ಮರಗಳು ಮತ್ತೆ ಹಸಿರಾಗಿ ಕಂಡವು. 2013ರಲ್ಲಿ ಷರತ್ತುಗಳ ಮೇಲೆ ಅನುಮತಿ ದೊರೆತ ಮೇಲೆ ಲಾರಿಗಳು ಮರಳಿದವು. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಹೆಮಟೈಟಿನದು 5ರಿಂದ 6.5. ಉಂಗುರ ಮತ್ತು ಸಿಲಿಂಡರಿನ ನಡುವಿನ ಎಣ್ಣೆಯ ತೆಳು ಪದರಕ್ಕೆ ಸಮನಾದ ಕೆಲವೇ ಮೈಕ್ರಾನಿನ ಕಣಗಳು ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ.

ಇಲ್ಲಿ ಶೇಕಡಾವಾರಿನ ಒಂದು ಮೋಸವಿದೆ. ಒಂದು ಫಿಲ್ಟರು ಶೇಕಡ 99ರಷ್ಟು, ಇನ್ನೊಂದು 97ರಷ್ಟು ಧೂಳು ಹಿಡಿಯುತ್ತದೆ ಎನ್ನೋಣ. ನೋಡಲು ವ್ಯತ್ಯಾಸ ಬರೀ 2. ಒಳಹೋಗುವ ಧೂಳು ಮೂರು ಪಟ್ಟು! ಹತ್ತು ಸಾವಿರ ಕಿ.ಮೀ. ಓಟಕ್ಕೆ, ಲೀಟರಿಗೆ 15ರಂತೆ, ಎಂಜಿನ್ ಸುಮಾರು 6,500 ಘನ ಮೀಟರ್ ಗಾಳಿ ಎಳೆಯುತ್ತದೆ. ಘನ ಮೀಟರಿಗೆ ಒಂದು ಮಿಲಿಗ್ರಾಂ ಧೂಳಿದ್ದರೆ ಮೊದಲನೆಯದು ಒಳಬಿಡುವುದು 65 ಮಿಲಿಗ್ರಾಂ, ಎರಡನೆಯದು 195. (ಅದೇ ಗಾಳಿಯನ್ನು ಬೈಕಿನವರು ಯಾವ ಫಿಲ್ಟರೂ ಇಲ್ಲದೆ ಸೇವಿಸುತ್ತಾರೆ.) ಫಿಲ್ಟರುಗಳ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮವಾದ ಐ.ಎಸ್.ಒ. 5011 ದಕ್ಷತೆಯನ್ನು ತೂಕದಲ್ಲಿ ಅಳೆಯುತ್ತದೆ. ದಪ್ಪ ಕಣಗಳೇ ತೂಕದ ಬಹುಪಾಲಾದ್ದರಿಂದ ಸಣ್ಣ ಕಣಗಳು ಅಂಕಿಯ ಹಿಂದೆ ಅಡಗುತ್ತವೆ. ಆದರೂ ಆ ಅಂಕಿಯನ್ನೂ ಮುದ್ರಿಸದ ಪೊಟ್ಟಣವನ್ನು ನಂಬಬೇಕಾದ ಕಾರಣವಿಲ್ಲ.

ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರಿನಲ್ಲಿ ಗಾಳಿ ಸರಾಗ, ಸರಿ. ಆದರೆ ಎಣ್ಣೆ ಹೆಚ್ಚಾದರೆ ಕೆಲವು ಕಾರುಗಳ ಗಾಳಿ ಅಳೆಯುವ ಬಿಸಿತಂತಿಗೆ ಅಂಟುತ್ತದೆ, ಕಡಿಮೆಯಾದರೆ ಧೂಳು ದಾಟುತ್ತದೆ. ಗ್ಯಾರೇಜುಗಳಲ್ಲಿ ಕಾಗದದ ಫಿಲ್ಟರನ್ನು ಮತ್ತೆ ಮತ್ತೆ ಬಿಚ್ಚಿ ಬಡಿಯುವ ರೂಢಿಯೂ ಒಳ್ಳೆಯದಲ್ಲ. ಫಿಲ್ಟರು ಜರಡಿಯಲ್ಲ, ಹಿಡಿದ ಧೂಳಿನ ಪದರವೇ ಮುಂದಿನ ಧೂಳನ್ನು ಹಿಡಿಯಲು ನೆರವಾಗುತ್ತದೆ.

ಧೂಳಿಗೆ ತಕ್ಕ ವಿನ್ಯಾಸ ನೋಡಬೇಕೆಂದರೆ ಕಂಪ್ಲಿಯ ಗದ್ದೆಯ ಟ್ರ್ಯಾಕ್ಟರನ್ನು ನೋಡಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಗಾಳಿಯ ಬಾಯಿ ಎತ್ತರದಲ್ಲಿದ್ದು, ಮೊದಲು ಗಾಳಿಯನ್ನು ಸುತ್ತಿಸಿ ದಪ್ಪ ಕಣಗಳನ್ನು ಬದಿಗೆಸೆಯುವ ಬಟ್ಟಲು, ಆಮೇಲೆ ಫಿಲ್ಟರು ಇರುತ್ತವೆ. ಹೆಮಟೈಟಿನ ಸಾಂದ್ರತೆ ಬೆಣಚಿನ ಎರಡು ಪಟ್ಟು; ಅದೇ ಗಾತ್ರದ ಕಣ ಇನ್ನೂ ಸುಲಭವಾಗಿ ಹೊರಬೀಳುತ್ತದೆ. ಅಂಗಡಿಯ ಮೂರು ಇನ್‌ಟೇಕುಗಳಲ್ಲಿ ಒಂದರಲ್ಲಿಯೂ ಈ ವಿವೇಕ ಕಾಣದು. ಹೊಸಪೇಟೆ, ಸಂಡೂರಿನವರಿಗೆ ನನ್ನ ಆಯ್ಕೆ ಕಂಪನಿಯ ಮೂಲ ಪೆಟ್ಟಿಗೆ, ಕಾಗದದ ಫಿಲ್ಟರು, ಮತ್ತು ಕೈಪಿಡಿಯಲ್ಲಿ ಧೂಳಿನ ಪ್ರದೇಶಕ್ಕೆಂದು ಹೇಳಿದ ಅವಧಿಗೆ ಬದಲಾವಣೆ.

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. 1200 ಸಿ.ಸಿ. ಎಂಜಿನ್ ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಎಳೆಯುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನದೂ ಇದೇ ದರ್ಜೆ. ರಟ್ಟಿನ ಪೆಟ್ಟಿಗೆಯಲ್ಲಿ ಫಿಲ್ಟರನ್ನು ಸೋರದಂತೆ ಕೂರಿಸಿ, ಕ್ಲೀನರಿನಿಂದ ಗಾಳಿ ಎಳೆಸಿ, ಫಿಲ್ಟರಿನ ಹಿಂದೆ ಬಣ್ಣದ ನೀರಿನ 'ಯು' ನಳಿಕೆ ಜೋಡಿಸಿ. ನೀರಿನ ಒಂದು ಸೆಂಟಿಮೀಟರ್ ವ್ಯತ್ಯಾಸವೆಂದರೆ 98 ಪಾಸ್ಕಲ್, ವಾಯುಮಂಡಲದ ಸಾವಿರದಲ್ಲೊಂದು ಪಾಲು. ಹೊಸದು, ಹಳೆಯದು, ಹತ್ತಿಬಟ್ಟೆಯದು, ಮೂರನ್ನೂ ಹೋಲಿಸಿ. ಇನ್ನೊಂದು ಪರೀಕ್ಷೆಗೆ ಉಪಕರಣವೇ ಬೇಡ. ಎಂಜಿನ್ ನಿಲ್ಲಿಸಿ, ಫಿಲ್ಟರು ದಾಟಿದ ಮೇಲಿನ ಕೊಳವೆಯ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರೆಸಿ, ಬಟ್ಟೆ ಕೆಂಪಾಯಿತೇ ಎಂದು ನೋಡಿ.