ತಕ್ಕಡಿಗೆ ಕಾಣದ ಸಾಧನೆ

ದೇಹಸಾಧನೆಯ ನಾನಾ ಮಾರ್ಗಗಳಲ್ಲಿ ಮನಸ್ಸನ್ನು ಅತ್ಯಂತ ಕಠಿನವಾಗಿ ಪರೀಕ್ಷಿಸುವ ಮಾರ್ಗ ಯಾವುದೆಂದು ಯಾರಾದರೂ ಕೇಳಿದರೆ, ಮೈಯ ಕೊಬ್ಬನ್ನು ಕರಗಿಸುತ್ತ ಅದೇ ಕಾಲದಲ್ಲಿ ಮಾಂಸಖಂಡಗಳನ್ನು ಬೆಳೆಸುವುದೇ ಎಂದು ನಾನು ಹಿಂದುಮುಂದು ನೋಡದೆ ಉತ್ತರ ಕೊಡುವೆನು. ಭಾರವೆತ್ತುವವನಿಗೆ ಭಾರ ಎದ್ದಿತೋ ಇಲ್ಲವೋ ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಹೆಬ್ಬಾಳದ ಕೆರೆಯ ದಂಡೆಯಲ್ಲಿ ನಸುಕಿನಲ್ಲಿ ಓಡುವವನಿಗೆ ಗಡಿಯಾರವು ಸಾಕ್ಷಿ ನುಡಿಯುತ್ತದೆ. ಬರಿಯ ತೂಕವನ್ನು ಇಳಿಸಹೊರಟವನಿಗೆ ತಕ್ಕಡಿಯು ವಾರವಾರವೂ ಸಮಾಧಾನ ಹೇಳುತ್ತದೆ. ಈ ಜೋಡಿ ಸಾಧನೆಗೆ ಇಳಿದವನಿಗೆ ಮಾತ್ರ, ತಾನು ಸರಿಯಾದ ದಾರಿಯಲ್ಲಿ ಇದ್ದೇನೆಂದು ಹೇಳುವ ಸಾಕ್ಷಿ ತಿಂಗಳುಗಟ್ಟಲೆ ದೊರೆಯುವುದಿಲ್ಲ.

ಬೆಂಗಳೂರಿನ ನಮ್ಮ ಆರ್.ಟಿ. ನಗರದಲ್ಲಿ, ದಿಣ್ಣೂರು ಮುಖ್ಯರಸ್ತೆಯಿಂದ ಹಿಡಿದು ಸುಲ್ತಾನ್‌ಪಾಳ್ಯದವರೆಗೆ, ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಜಿಮ್ಮುಗಳು ನೆಲೆಸಿವೆ. ಅವುಗಳಲ್ಲಿ ಹೊಸಬನಿಗೆ ಮೊದಲು ದೊರೆಯುವ ಉಪದೇಶ ಬಹುಮಟ್ಟಿಗೆ ಒಂದೇ: “ಮೊದಲು ಬಲ್ಕ್ ಮಾಡಿ ಸಾರ್, ಆಮೇಲೆ ಕಟಿಂಗ್ ನೋಡೋಣ, ಎರಡು ದೋಣಿ ಮೇಲೆ ಕಾಲಿಡಬೇಡಿ.” ವರ್ಷಾನುವರ್ಷ ಕಬ್ಬಿಣವನ್ನೆತ್ತಿ ಹದಗೊಂಡ, ಸ್ಪರ್ಧೆಯ ವೇದಿಕೆಯನ್ನು ಹತ್ತಲಿರುವ ಯುವಕನಿಗೆ ಈ ಮಾತು ತಕ್ಕದ್ದೇ ಹೌದು. ಆದರೆ ಆ ಮೆಟ್ಟಿಲುಗಳನ್ನು ಹತ್ತಿ ಬರುವವರಲ್ಲಿ ಹೆಚ್ಚಿನವರು ಮೂವತ್ತೈದು ನಲವತ್ತರ ವಯಸ್ಸಿನವರು. ಕುರ್ಚಿಯಲ್ಲಿ ಕುಳಿತು ಮಾಡುವ ಉದ್ಯೋಗದವರು. ತೆಳ್ಳನೆಯ ತೋಳು, ಮುಂದೆ ಬಂದ ಹೊಟ್ಟೆ, ಇವೆರಡನ್ನೂ ಒಟ್ಟಿಗೆ ಹೊತ್ತು ತಂದವರು. ಅಂಥವರು ಮೊದಲು ಮೈ ತುಂಬಿಸಿಕೊಳ್ಳಹೊರಟರೆ ಹೊಟ್ಟೆ ಬೆಳೆಯುತ್ತದೆ. ಮೊದಲು ತೂಕವಿಳಿಸಹೊರಟರೆ ಇದ್ದಷ್ಟು ತೋಳೂ ಸೊರಗುತ್ತದೆ. ಅವರಿಗೆ ಎರಡು ಕೆಲಸವನ್ನೂ ಒಟ್ಟಿಗೆ ಮಾಡದೆ ಗತ್ಯಂತರವಿಲ್ಲ. ಸಂತೋಷದ ಸಂಗತಿಯೆಂದರೆ, ಅದು ಹೆಚ್ಚು ಸುಲಭವಾಗಿ ಸಾಧ್ಯವಾಗುವುದೂ ಅಂಥ ಹೊಸಬರಿಗೇ.

ಮೇಲ್ನೋಟಕ್ಕೆ ಈ ಎರಡು ಕೆಲಸಗಳಲ್ಲಿ ವಿರೋಧವಿರುವಂತೆ ತೋರುವುದು ಸಹಜ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಯಷ್ಟು ಶಕ್ತಿ ಸಂಚಿತವಾಗಿರುತ್ತದೆ; ಅದು ಕರಗಬೇಕಾದರೆ ದೇಹದ ವ್ಯಯಕ್ಕಿಂತ ಆಹಾರದ ಆಯ ಕಡಿಮೆಯಿರಬೇಕು. ಮಾಂಸಖಂಡವಾದರೋ ಮುಕ್ಕಾಲು ಪಾಲು ನೀರೇ ಆದರೂ, ಉಳಿದ ಪಾಲನ್ನು ಕಟ್ಟುವುದಕ್ಕೆ ಪ್ರೋಟೀನೂ ಬೇಕು, ಶಕ್ತಿಯೂ ಬೇಕು. ಆದರೆ ಆ ಶಕ್ತಿಯೆಲ್ಲ ಊಟದ ತಟ್ಟೆಯಿಂದಲೇ ಬರತಕ್ಕದ್ದೆಂಬ ನಿಯಮವೇನೂ ಇಲ್ಲ. ಹೊಟ್ಟೆಯ ಸುತ್ತ ಕೂಡಿಟ್ಟ ಕೊಬ್ಬೇ ಅದರ ಬಹುಭಾಗವನ್ನು ಒದಗಿಸಬಲ್ಲದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, 40 ಮಂದಿ ಸ್ಥೂಲ ತರುಣರಿಗೆ ನಾಲ್ಕು ವಾರಗಳ ಕಾಲ, ಬೇಕಾದುದಕ್ಕಿಂತ ಶೇಕಡಾ 40ರಷ್ಟು ಕಡಿಮೆ ಆಹಾರವನ್ನು ಕೊಟ್ಟು, ವಾರಕ್ಕೆ ಆರು ದಿನ ಕಠಿನವಾದ ವ್ಯಾಯಾಮವನ್ನು ಮಾಡಿಸಿದರು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2.4 ಗ್ರಾಮಿನಂತೆ ಪ್ರೋಟೀನು ಉಂಡವರು ಸರಾಸರಿ 4.8 ಕಿಲೋ ಕೊಬ್ಬನ್ನು ಕಳೆದುಕೊಂಡು, ಕೊಬ್ಬಲ್ಲದ ದೇಹಭಾಗದಲ್ಲಿ 1.2 ಕಿಲೋ ಗಳಿಸಿದರು. ಅದರ ಅರ್ಧದಷ್ಟು ಉಂಡವರು 3.5 ಕಿಲೋ ಕೊಬ್ಬನ್ನು ಕಳೆದರಾದರೂ ಗಳಿಸಿದ್ದು ಅತ್ಯಲ್ಪ. ಇಷ್ಟು ಉಗ್ರವಾದ ವ್ರತವನ್ನು ಗೃಹಸ್ಥರು ಹಿಡಿಯಬೇಕೆಂದು ನಾನು ಹೇಳಲಾರೆ. ಎರಡೂ ಕೆಲಸ ಏಕಕಾಲದಲ್ಲಿ ನಡೆಯಬಲ್ಲವೆಂಬುದಕ್ಕೆ ಇದು ಪ್ರಮಾಣವಾಗಿ ನಿಂತರೆ ಸಾಕು.

ದೇಹವು ಒಪ್ಪಿದ ಈ ಕೆಲಸಕ್ಕೆ ಮನಸ್ಸು ಒಪ್ಪುವುದೇ ಕಷ್ಟ. ಒಬ್ಬ ಗೃಹಸ್ಥನು ಮೂರು ತಿಂಗಳು ನಿಷ್ಠೆಯಿಂದ ದುಡಿದು ಎರಡು ಕಿಲೋ ಕೊಬ್ಬನ್ನು ಕಳೆದು ಒಂದೂವರೆ ಕಿಲೋ ಮಾಂಸವನ್ನು ಗಳಿಸಿದನೆಂದು ಭಾವಿಸೋಣ. ಅವನ ದೇಹದಲ್ಲಿ ಮೂರೂವರೆ ಕಿಲೋಗಳಷ್ಟು ಪರಿವರ್ತನೆ ನಡೆದುಹೋಗಿದೆ. ತಕ್ಕಡಿಯಲ್ಲಿ ಕಾಣುವುದು ಕೇವಲ ಅರ್ಧ ಕಿಲೋ. ಆ ಅರ್ಧ ಕಿಲೋವನ್ನೂ ಒಂದು ಮದುವೆಯ ಊಟ ರಾತ್ರಿ ಕಳೆಯುವುದರೊಳಗೆ ನುಂಗಿಬಿಡುತ್ತದೆ. ಏಕೆಂದರೆ ಅನ್ನ ಸಿಹಿಗಳಿಂದ ಬಂದ ಸಕ್ಕರೆಯನ್ನು ದೇಹವು ಕೂಡಿಟ್ಟುಕೊಳ್ಳುವಾಗ ಪ್ರತಿ ಗ್ರಾಮಿನೊಡನೆ ಮೂರು ಗ್ರಾಮಿನಷ್ಟು ನೀರನ್ನೂ ಹಿಡಿದಿಡುತ್ತದೆ, ಉಪ್ಪು ಇನ್ನಷ್ಟನ್ನು ಹಿಡಿಯುತ್ತದೆ. ಬೆಳಿಗ್ಗೆ ತಕ್ಕಡಿಯನ್ನೇರಿದವನು ತನ್ನ ಮೂರು ತಿಂಗಳ ತಪಸ್ಸು ವ್ಯರ್ಥವಾಯಿತೆಂದು ತಿಳಿಯುತ್ತಾನೆ.

ತೂಕವೆಂಬುದು ಎಷ್ಟು ದುರ್ಬಲವಾದ ಸಾಕ್ಷಿಯೆಂಬುದಕ್ಕೆ ವೈದ್ಯಲೋಕದಲ್ಲಿ ಪ್ರಸಿದ್ಧವಾದ ಒಂದು ಭಾವಚಿತ್ರವಿದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ವೈದ್ಯರಿಬ್ಬರು ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟು ಪಕ್ಕಪಕ್ಕದಲ್ಲಿ ನಿಂತರು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿ.ಎಂ.ಐ. ಇಬ್ಬರದೂ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ಮೇಲೆ ತೆಳ್ಳಗೆ, ಒಳಗೆ ಕೊಬ್ಬು: ಇದು ನಮ್ಮ ದೇಶದ ಬಹುಮಂದಿಯ ದೇಹಪ್ರಕೃತಿ. ಇಂಥ ದೇಹವನ್ನು ಸರಿಪಡಿಸುವ ಕೆಲಸವನ್ನು ತಕ್ಕಡಿಯ ಕೈಗೆ ಒಪ್ಪಿಸುವುದು ವಿವೇಕವಲ್ಲ.

ಸಾಕ್ಷಿಯಿಲ್ಲದ ಈ ಅವಧಿಯಲ್ಲಿ ಮನಸ್ಸು ಎರಡು ಭಯಗಳ ನಡುವೆ ತೂಗಾಡತೊಡಗುವುದನ್ನು ನಾನು ಎಷ್ಟೋ ಸಾಧಕರಲ್ಲಿ ಕಂಡಿದ್ದೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವನಿಗೆ ಹೊಟ್ಟೆಯೊಂದೇ ಕಣ್ಣಿಗೆ ಬಿದ್ದು, ಕೊಬ್ಬು ಕರಗಲೇ ಇಲ್ಲವಲ್ಲ ಎಂಬ ಭಯದಿಂದ ತಿಂಡಿಯನ್ನೇ ಬಿಡುತ್ತಾನೆ. ಸಂಜೆ ಜಿಮ್ಮಿನಲ್ಲಿ ಮೊನ್ನೆ ಸಲೀಸಾಗಿ ಎದ್ದ ಭಾರ ಇಂದು ಏಳದೆಹೋದಾಗ, ಗಳಿಸಿದ ಮಾಂಸವೂ ಕರಗಿಹೋಗುತ್ತಿದೆಯೆಂಬ ಇನ್ನೊಂದು ಭಯ ಹಿಡಿದು, ರಾತ್ರಿ ಎರಡು ಪಟ್ಟು ಉಣ್ಣುತ್ತಾನೆ. ಹದಿನೈದು ದಿನ ಉಪವಾಸದ ಪಕ್ಷ, ಹದಿನೈದು ದಿನ ಭೋಜನದ ಪಕ್ಷ; ಯಾವ ಪಕ್ಷದಲ್ಲಿಯೂ ದೇಹಕ್ಕೆ ಕೆಲಸ ಮಾಡಲು ಬೇಕಾದ ಕಾಲಾವಕಾಶ ದೊರೆಯುವುದಿಲ್ಲ. ಇಂಥವನು ಸೋಮಾರಿಯಲ್ಲ, ಹೊಟ್ಟೆಬಾಕನೂ ಅಲ್ಲ. ಒಂದೊಂದು ದಿನವೂ ಪ್ರಾಮಾಣಿಕವಾಗಿ ದುಡಿದವನೇ. ಅವನನ್ನು ಸೋಲಿಸಿದ್ದು ಭಯಕ್ಕೊಮ್ಮೆ ಬದಲಾದ ಅವನ ಸಂಕಲ್ಪ. ಎರಡು ಭಯಗಳನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಂಡು, ಯಾವುದಕ್ಕೂ ಓಗೊಡದೆ, ನಿಶ್ಚಯಿಸಿದ ಊಟವನ್ನು ಉಂಡು ನಿಶ್ಚಯಿಸಿದ ಭಾರವನ್ನು ಎತ್ತುತ್ತ ಹೋಗುವ ಸ್ಥೈರ್ಯವೇ ಈ ಸಾಧನೆಯ ಸರ್ವಸ್ವವೆಂದು ನನ್ನ ದೃಢವಾದ ಅಭಿಪ್ರಾಯ. ಸ್ತ್ರೀಯರಿಗಾದರೋ ಇವೆರಡರ ಜೊತೆಗೆ, ಭಾರವೆತ್ತಿದರೆ ಮೈ ಗಂಡಸಿನಂತಾದೀತೆಂಬ ಮೂರನೆಯ ಭಯವೊಂದನ್ನು ನೆರೆಹೊರೆಯವರು ಹೇರುತ್ತಾರೆ, ಅದಕ್ಕೆ ಆಧಾರವಿಲ್ಲ.

ಇಷ್ಟರ ಮೇಲೆ ಬಂಧುಬಳಗದ ಮಾತು ಬೇರೆ. ಕೊಬ್ಬು ಕರಗುವಾಗ ಅನೇಕರಿಗೆ ಮೊದಲು ಇಳಿದು ಕಾಣುವುದು ಕೆನ್ನೆ, ಕತ್ತು. ಬೆಳೆದ ಭುಜ ಬೆನ್ನುಗಳೆಲ್ಲ ಅಂಗಿಯೊಳಗೆ ಅಡಗಿರುತ್ತವೆ. ಆದುದರಿಂದ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದ ಸಾಧಕನನ್ನು ದೊಡ್ಡಮ್ಮ ನಡುಮನೆಯಲ್ಲೇ ನಿಲ್ಲಿಸಿ, “ಯಾಕೋ ಇಷ್ಟೊಂದು ಸೊರಗಿ ಹೋಗಿದೀಯ? ಶುಗರ್ ಗಿಗರ್ ಏನಾದ್ರೂ ಬಂತಾ?” ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಎಲೆಯ ಮೇಲೆ ಇನ್ನೊಂದು ಒಬ್ಬಟ್ಟನ್ನಿಟ್ಟು ತುಪ್ಪ ಬಡಿಸುತ್ತಾರೆ. ಆ ಪ್ರಶ್ನೆಯ ಹಿಂದಿರುವುದು ನಿರ್ಮಲವಾದ ಪ್ರೀತಿ. ಅದಕ್ಕೆ ಸಿಡುಕುವುದು ತರವಲ್ಲ; ಒಬ್ಬಟ್ಟನ್ನು ತಿಂದು, ಮಾರನೆಯ ದಿನ ಎಂದಿನ ಊಟಕ್ಕೆ ಮರಳುವುದೇ ಸರಿ. ಪ್ರಾಯಶ್ಚಿತ್ತದ ಉಪವಾಸ ಮಾತ್ರ ಕೂಡದು.

ಉಪವಾಸವನ್ನು ನಾನು ಇಷ್ಟೊಂದು ವಿರೋಧಿಸುವುದಕ್ಕೆ ಕಾರಣವುಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ದೇಹ ಕೃಶವಾದುದು ನಿರೀಕ್ಷಿತವೇ. ಅವರ ಚಿತ್ತವೆಲ್ಲ ಅನ್ನಮಯವಾಗಿಹೋದುದು ಹೆಚ್ಚು ವಿಚಾರಾರ್ಹ. ಅವರು ಅಡುಗೆಯ ಪುಸ್ತಕಗಳನ್ನು ಆಸಕ್ತಿಯಿಂದ ಓದತೊಡಗಿದರು, ಸಿಡುಕರಾದರು, ಮಂಕಾದರು, ಇತರ ವಿಷಯಗಳಲ್ಲಿ ರುಚಿಯನ್ನು ಕಳೆದುಕೊಂಡರು. ಹಸಿದವನ ಮನಸ್ಸು ಅವನ ಸಂಕಲ್ಪದ ಮಾತನ್ನು ಕೇಳುವುದಿಲ್ಲ. ಸಂಜೆ ಅಯ್ಯಂಗಾರ್ ಬೇಕರಿಯ ಮುಂದೆ ಹಾದುಹೋಗುವವನು, ಒಲೆಯಿಂದ ಆಗತಾನೆ ಇಳಿದ ಖಾರ ಬನ್ನಿನ ಪರಿಮಳವನ್ನು ಗೆಲ್ಲಬೇಕಾದರೆ ಮಧ್ಯಾಹ್ನವೇ ಹೊಟ್ಟೆ ತುಂಬ ಉಂಡಿರಬೇಕು.

ಏನನ್ನು ಉಣ್ಣಬೇಕೆಂಬಲ್ಲಿ ನಮ್ಮ ಮನೆಗಳ ಪದ್ಧತಿಗೆ ಸ್ವಲ್ಪ ತಿದ್ದುಪಡಿ ಅಗತ್ಯ. ಸಾಮಾನ್ಯ ಜೀವನಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ವಿಧಿಸಿರುವ ಪ್ರೋಟೀನು ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಮು; ಭಾರವೆತ್ತಿ ಮಾಂಸ ಬೆಳೆಸುವವರಿಗೆ 1.6 ಗ್ರಾಮಿನವರೆಗೆ ಪ್ರಯೋಜನವುಂಟೆಂದು 2018ರಲ್ಲಿ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿದ್ವಾಂಸರು ಕಂಡುಕೊಂಡರು. ಎಪ್ಪತ್ತು ಕಿಲೋ ತೂಗುವವನಿಗೆ ಇದು 112 ಗ್ರಾಮು. ದರ್ಶಿನಿಯ ಎರಡು ಇಡ್ಲಿ ಒಂದು ವಡೆಯಲ್ಲಿ ಹತ್ತು ಗ್ರಾಮು ದೊರೆತರೆ ಹೆಚ್ಚು. ನೂರು ಗ್ರಾಮು ರಾಗಿಯಲ್ಲಿ ಏಳು ಮಾತ್ರ. ಅಷ್ಟೇ ಹುರುಳಿಕಾಳಿನಲ್ಲಿ ಇಪ್ಪತ್ತೆರಡು. ಐವತ್ತು ಗ್ರಾಮು ಒಣ ಸೋಯಾ ಚಂಕ್ಸ್‌ನಲ್ಲಿ ಇಪ್ಪತ್ತಾರು. ಅರ್ಧ ಲೀಟರು ಹಾಲುಮೊಸರಿನಲ್ಲಿ ಹದಿನೈದು. ಒಂದೊಂದು ಮೊಟ್ಟೆಯಲ್ಲಿ ಆರು. ಮುದ್ದೆಯನ್ನು ಬಿಡಬೇಕಾಗಿಲ್ಲ, ಮುದ್ದೆಯ ಗಾತ್ರ ತುಸು ಇಳಿದು, ಬಟ್ಟಲಿನ ತಳದಲ್ಲಿ ಹುಡುಕಬೇಕಾಗಿದ್ದ ಕಾಳು ಬಟ್ಟಲಿನ ತುಂಬ ಬಂದರೆ ಸಾಕು. ಪ್ರತಿ ಹೊತ್ತಿಗೂ ಹೊಸದಾಗಿ ಯೋಚಿಸಿ ಆರಿಸುವುದರಿಂದ ಮನಸ್ಸು ದಣಿಯುತ್ತದೆ. ಆದುದರಿಂದ ಬೆಳಗಿನ ತಿಂಡಿಯನ್ನಾದರೂ ವಾರವಿಡೀ ಒಂದೇ ಬಗೆಯಾಗಿ ನಿಶ್ಚಯಿಸಿಡುವುದು ಲೇಸು. ಮಧುಮೇಹ, ಮೂತ್ರಪಿಂಡದ ತೊಂದರೆಗಳು ಉಳ್ಳವರು ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಕೂಡದು.

ನಿದ್ರೆಯ ವಿಷಯವನ್ನು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ರಾತ್ರಿಪಾಳಿ ಮಾಡಿ ಆರ್.ಟಿ. ನಗರಕ್ಕೆ ಬೆಳಿಗ್ಗೆ ಮರಳುವ ಓದುಗರಿಗಾಗಿ ಪ್ರತ್ಯೇಕವಾಗಿ ಹೇಳಬೇಕು. ಷಿಕಾಗೋದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಥೂಲಕಾಯದ 10 ಮಂದಿ, ಒಂದೇ ಪಥ್ಯದ ಮೇಲಿದ್ದು, ಎಂಟೂವರೆ ಗಂಟೆ ಮಲಗಿದ ಎರಡು ವಾರಗಳಲ್ಲಿ 1.4 ಕಿಲೋ ಕೊಬ್ಬನ್ನು ಕಳೆದರು. ಐದೂವರೆ ಗಂಟೆ ಮಲಗಿದ ಎರಡು ವಾರಗಳಲ್ಲಿ 0.6 ಕಿಲೋ ಮಾತ್ರ. ಒಟ್ಟು ತೂಕ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು; ನಿದ್ರೆಗೆಟ್ಟಾಗ ಕೊಬ್ಬಿನ ಬದಲು ಮಾಂಸವನ್ನು ತೆತ್ತರು. ಇಲ್ಲಿಯೂ ತಕ್ಕಡಿಯ ಸಾಕ್ಷ್ಯ ಸುಳ್ಳೇ.

ಹಾಗಾದರೆ ನಂಬತಕ್ಕ ಸಾಕ್ಷಿ ಯಾವುದು? ಹೊಕ್ಕುಳಿನ ನೇರಕ್ಕೆ ಸುತ್ತುವ ದರ್ಜಿಯ ಟೇಪು ಒಂದು. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಅಪಾಯವೆಂದು ವೈದ್ಯರ ಲೆಕ್ಕ. ಎತ್ತಿದ ಭಾರವನ್ನೂ ಬಾರಿಯನ್ನೂ ಬರೆದಿಡುವ ಪುಸ್ತಕ ಇನ್ನೊಂದು. ಟೇಪು ಕುಗ್ಗುತ್ತ ಪುಸ್ತಕದ ಅಂಕಿಗಳು ಏರುತ್ತಿದ್ದರೆ ಎರಡೂ ಕೆಲಸಗಳು ನಡೆಯುತ್ತಿವೆ. ತಿಂಗಳಿಗೊಮ್ಮೆ ಅಳೆದರೆ ಸಾಕು. ಎರಡು ತಿಂಗಳಾದರೂ ಟೇಪು ಕದಲದಿದ್ದರೆ ಮಾತ್ರ ಒಂದು ಸೌಟು ಅನ್ನವನ್ನು ಕಡಿಮೆ ಮಾಡಬೇಕು, ಅದಕ್ಕೆ ಮೊದಲಲ್ಲ.

ಕನ್ನಡಿಯನ್ನು ನಾನು ಸಾಕ್ಷಿಯೆಂದು ಎಣಿಸಲಿಲ್ಲ. ತನ್ನ ಮೈ ಎಷ್ಟು ಬೆಳೆದರೂ ಸಣ್ಣದಾಗಿಯೇ ಕಾಣುವ ಒಂದು ಮನೋವ್ಯಾಧಿಯನ್ನು ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಗುರುತಿಸಿ ವರ್ಣಿಸಿದ್ದಾರೆ. ಅದು ನಮ್ಮ ಬೀದಿಗಳಿಗೂ ಬಂದಿದೆ. ಇದಕ್ಕೆ ಮದ್ದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಕೆ.ವಿ. ಅಯ್ಯರ್. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಗ್ರಂಥಗಳನ್ನು ಬರೆದು, ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಿಂದ ಅಂಚೆಯ ಮೂಲಕ ದೂರದೇಶದವರಿಗೂ ಅಂಗಸಾಧನೆಯ ಪಾಠ ಹೇಳಿದ ಈ ಮಹನೀಯರು, ಗಾತ್ರಕ್ಕಿಂತ ಅಂಗಾಂಗಗಳ ಹೊಂದಿಕೆಯನ್ನು ದೊಡ್ಡದೆಂದು ಬಗೆದವರು. ಬಾರ್‌ಬೆಲ್ಲಿನ ಜೊತೆಗೆ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಕಲಿಸಿದವರು. ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳು, ನಾಟಕವನ್ನಾಡಿಸಿದವರು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಒಡನಾಟಕ್ಕೆ ಅವರ ವ್ಯಾಯಾಮಶಾಲೆ ಒಂದು ನೆಲೆಯಾಗಿತ್ತು. ನಮ್ಮ ಬಡಾವಣೆಗೆ ಹೆಸರಾಗಿರುವ ರವೀಂದ್ರನಾಥ ಟ್ಯಾಗೋರರೂ ಬಾಲ್ಯದಲ್ಲಿ ಪ್ರತಿ ಮುಂಜಾನೆ ಪೈಲ್ವಾನನೊಬ್ಬನೊಡನೆ ಮಣ್ಣಿನಲ್ಲಿ ಕುಸ್ತಿಯಾಡಿದವರೇ; ಮಗನ ಮೈ ಕಪ್ಪಾದೀತೆಂದು ತಾಯಿಗೆ ಚಿಂತೆಯಾಗಿತ್ತು. ದೇಹವನ್ನು ಕಟ್ಟುವ ಸ್ಥಳದಲ್ಲಿ ಮಾತು, ಕಥೆ, ನಗು, ಹಾಡು ಇದ್ದಾಗ, ಸಾಕ್ಷಿ ಕಾಣದ ತಿಂಗಳುಗಳನ್ನು ಮನಸ್ಸು ಹೊತ್ತು ದಾಟಬಲ್ಲದು. ಇಂದಿನ ಜಿಮ್ಮಿನಲ್ಲಿ ಪ್ರತಿಯೊಬ್ಬನೂ ಕಿವಿಗೆ ಇಯರ್‌ಫೋನನ್ನು ಸಿಕ್ಕಿಸಿಕೊಂಡು, ಸುತ್ತಲೂ ಕನ್ನಡಿಗಳ ನಡುವೆ, ತನ್ನ ಎರಡು ಭಯಗಳೊಡನೆ ಏಕಾಕಿಯಾಗಿರುತ್ತಾನೆ.

ಆದುದರಿಂದ ಆರ್.ಟಿ. ನಗರದ ಜಿಮ್ ಮಾಲೀಕರಲ್ಲಿ ನನ್ನದೊಂದು ಬಿನ್ನಹ. ಬಾಗಿಲಿನ ಬಳಿಯೇ ಇಟ್ಟಿರುವ ತೂಕದ ಯಂತ್ರವನ್ನು ಒಳಗಿನ ಕೋಣೆಗೆ ಸಾಗಿಸಿ, ಆ ಸ್ಥಳದಲ್ಲಿ ನಾಲ್ಕು ಜನ ಕುಳಿತು ಮಾತನಾಡಬಹುದಾದಂಥ ಒಂದು ಬೆಂಚನ್ನು ಹಾಕಿಸಿರಿ. ಹಳಬರು ಹೊಸಬರೊಡನೆ ಅಲ್ಲಿ ಹತ್ತು ನಿಮಿಷ ಕುಳಿತು ಹೋಗುವಂತೆ ನೋಡಿಕೊಳ್ಳಿರಿ.