ಬಾಡಿಗೆ ಮೊದಲು, ರೂಪಕ ಆಮೇಲೆ

ವಲಸೆಯ ಸಾಹಿತ್ಯದ ಕುರಿತ ನಮ್ಮ ವಿಚಾರಸಂಕಿರಣಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ದೇಶ ಬಿಟ್ಟವನಿಗೆ ಭಾಷೆಯೇ ಮನೆ. ಕೇಳಲು ಹಿತವಾಗಿದೆ. ಆ ಮನೆಗೆ ಮುಂಗಡ ಕೊಡಬೇಕಿಲ್ಲ, ವಾರವಾರ ಬಾಡಿಗೆ ಎಣಿಸಬೇಕಿಲ್ಲ, ಚಳಿಗಾಲದಲ್ಲಿ ಗ್ಯಾಸ್ ಮೀಟರಿಗೆ ನಾಣ್ಯ ಹಾಕಬೇಕಿಲ್ಲ. ಆದರೆ ಇಂಗ್ಲೆಂಡಿನ ಬಾಡಿಗೆ ಕೋಣೆಗಳನ್ನು ಕುರಿತು ಬರೆದ ಮೂವರನ್ನು, ಎಂದರೆ ನೈಜೀರಿಯಾದ ವೋಲೆ ಸೋಯಿಂಕಾ ಮತ್ತು ಬೂಚಿ ಎಮೆಚೆಟಾ ಹಾಗೂ ಟ್ರಿನಿಡಾಡಿನ ಸ್ಯಾಮ್ ಸೆಲ್ವನ್ ಅವರನ್ನು ಒಟ್ಟಿಗೆ ಓದಿದರೆ ಈ ಮಾತು ನಿಲ್ಲುವುದಿಲ್ಲ. ಅವರ ಕೋಣೆಗಳನ್ನು ನಾವು ತೀರ ಬೇಗ 'ಪರಕೀಯ ಪ್ರಜ್ಞೆ', 'ಬೇರುಗಳ ಹುಡುಕಾಟ' ಎಂದೆಲ್ಲ ಕರೆದುಬಿಡುತ್ತೇವೆ. ಹಾಗೆ ಕರೆದ ಕ್ಷಣವೇ ಬಾಡಿಗೆ ಕಣ್ಮರೆಯಾಗುತ್ತದೆ.

ಮೊದಲು ಕಾಯ್ದೆಯ ಮಾತು. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ ವಸಾಹತುಗಳ ಜನರನ್ನೂ ಬ್ರಿಟನ್ನಿನ ಪ್ರಜೆಗಳೆಂದೇ ಪರಿಗಣಿಸಿತು. ಅದೇ ವರ್ಷದ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಷ್' ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಹೊತ್ತು ಟಿಲ್ಬರಿ ಬಂದರಿಗೆ ಬಂತು. ದೇಶದೊಳಗೆ ಬರುವ ಹಕ್ಕನ್ನು ಕಾನೂನು ಕೊಟ್ಟಿತ್ತು, ಕೋಣೆಯೊಳಗೆ ಬರುವ ಹಕ್ಕನ್ನಲ್ಲ. ಯುದ್ಧದ ಬಾಂಬುಗಳಿಗೆ ಸಾವಿರಾರು ಮನೆಗಳನ್ನು ಕಳೆದುಕೊಂಡಿದ್ದ ಲಂಡನ್ನಿನಲ್ಲಿ ಕರಿಯರಿಗೆ ಕೋಣೆ ಕೊಡುವುದಿಲ್ಲವೆಂದು ಚೀಟಿ ಅಂಟಿಸುವುದು ಅಪರಾಧವಾಗಿರಲಿಲ್ಲ. 1965ರಲ್ಲಿ ಬಂದ ಜನಾಂಗ ಸಂಬಂಧಗಳ ಕಾಯ್ದೆ ಕೂಡ ವಸತಿಯನ್ನು ಹೊರಗಿಟ್ಟಿತು; ಅದು ಒಳಗೆ ಬಂದದ್ದು 1968ರ ಕಾಯ್ದೆಯಲ್ಲಿ. ಅಂದರೆ ಇಪ್ಪತ್ತು ವರ್ಷ ಕಾಲ ಒಬ್ಬ ಮನುಷ್ಯ ಆ ದೇಶದ ಪ್ರಜೆಯೂ ಆಗಿರಬಹುದಿತ್ತು, ಬಣ್ಣದ ಕಾರಣಕ್ಕೆ ಬೀದಿಯಲ್ಲೂ ನಿಲ್ಲಬಹುದಿತ್ತು. ಈ ಮೂರೂ ಕೃತಿಗಳ ಲೋಕ ಆ ಇಪ್ಪತ್ತು ವರ್ಷದ್ದು.

ಸೋಯಿಂಕಾರ 'ಟೆಲಿಫೋನ್ ಕಾನ್ವರ್ಸೇಶನ್' ನಮ್ಮ ಅನೇಕ ಇಂಗ್ಲಿಷ್ ಪಠ್ಯಗಳಲ್ಲಿ ಇರುವ ಪದ್ಯ. ತರಗತಿಯಲ್ಲಿ ಅದನ್ನು ವರ್ಣಭೇದದ ವಿಡಂಬನೆ ಎಂದು ಓದಿಸುತ್ತಾರೆ. ಸರಿಯೇ. ಆದರೆ ಪದ್ಯ ಎಲ್ಲಿಂದ ಶುರುವಾಗುತ್ತದೆ ನೋಡಿ: ಬಾಡಿಗೆ ಪರವಾಗಿಲ್ಲ ಎಂಬ ಲೆಕ್ಕದಿಂದ. ವ್ಯವಹಾರ ಹೆಚ್ಚುಕಡಿಮೆ ಕುದುರಿದೆ. ಫೋನಿನಲ್ಲಿ ಕೇಳಿಸುವ ಇಂಗ್ಲಿಷಿನಲ್ಲಿ ಯಾವ ಕೊರತೆಯೂ ಇಲ್ಲ. ಆಮೇಲೆ ಅವನೇ ತಾನು ಆಫ್ರಿಕದವನೆಂದು ಹೇಳುತ್ತಾನೆ, ಮನೆಯೊಡತಿ ಎಷ್ಟು ಕಪ್ಪು ಎಂದು ಕೇಳುತ್ತಾಳೆ. ಅವನ ಮಾತು ಅವಳ ಮಾತಿಗಿಂತ ಹರಿತ, ಜಾಣತನದಲ್ಲಿ ಅವನದೇ ಗೆಲುವು. ಆದರೂ ಪದ್ಯದ ಕೊನೆಗೆ ಅವನ ಕೈಯಲ್ಲಿ ಬೀಗದ ಕೈ ಇಲ್ಲ. ಭಾಷೆ ಅವನಿಗೆ ಪದ್ಯವನ್ನು ಕೊಟ್ಟಿತು, ಕೋಣೆಯನ್ನು ಕೊಡಲಿಲ್ಲ.

ಎಮೆಚೆಟಾರ 'ಸೆಕೆಂಡ್ ಕ್ಲಾಸ್ ಸಿಟಿಜನ್' (1974) ಕಾದಂಬರಿಯಲ್ಲಿ ಇದೇ ಫೋನು ಮತ್ತೆ ಬರುತ್ತದೆ, ಈ ಸಲ ಮಕ್ಕಳ ತಾಯಿಯೊಬ್ಬಳ ಕೈಯಲ್ಲಿ. ಮನೆ ಬಿಡಬೇಕೆಂಬ ನೋಟಿಸು ಬಂದಿದೆ. ಆದಾ ಮೂಗು ಒತ್ತಿ ಹಿಡಿದು, ಆಫ್ರಿಕದ ಉಚ್ಚಾರ ಕೇಳದ ಹಾಗೆ ದನಿ ಬದಲಿಸಿ ಮಾತಾಡುತ್ತಾಳೆ. ಕೋಣೆ ಖಾಲಿ ಇದೆ, ಬನ್ನಿ ಎನ್ನುತ್ತಾಳೆ ಆ ಕಡೆಯವಳು. ಕತ್ತಲಾದ ಮೇಲೆ ಗಂಡನನ್ನು ಕರೆದುಕೊಂಡು ಹೋದರೆ, ಬಾಗಿಲಲ್ಲಿ ಅವರ ಮುಖ ಕಂಡದ್ದೇ, ಕೋಣೆ ಈಗಷ್ಟೇ ಹೋಯಿತು ಎಂಬ ಉತ್ತರ. ಇಲ್ಲಿ ಇಬ್ಬರು ಕತೆಗಾರ್ತಿಯರಿದ್ದಾರೆ. ಬಾಡಿಗೆ ಕೇಳುವವಳು ಒಂದು ದನಿಯನ್ನು ಕಟ್ಟುತ್ತಾಳೆ, ಬಾಡಿಗೆ ಕೊಡುವವಳು ಇಲ್ಲದ ಬಾಡಿಗೆದಾರನನ್ನು ಕಟ್ಟುತ್ತಾಳೆ. ಮೊದಲನೆಯವಳ ಸುಳ್ಳು ಬಾಗಿಲಲ್ಲೇ ಬಯಲಾಗುತ್ತದೆ, ಎರಡನೆಯವಳ ಸುಳ್ಳನ್ನು ಯಾರೂ ಪ್ರಶ್ನಿಸುವಂತಿಲ್ಲ, ಯಾಕೆಂದರೆ ಮನೆ ಅವಳದು. ಭಾಷೆ ಆದಾಳಿಗೆ ಮನೆಯಾಗುವುದು ಹೋಗಲಿ, ಮನೆ ಹಿಡಿಯಲು ಹಾಕಿದ ವೇಷವಾಗಿಯೂ ಹೊಸ್ತಿಲವರೆಗೆ ಮಾತ್ರ ಬಂತು.

ಹಾಗಾದರೆ ಸೆಲ್ವನ್? 'ದ ಲೋನ್ಲಿ ಲಂಡನರ್ಸ್' (1956) ಕಾದಂಬರಿಯನ್ನು 'ಭಾಷೆಯೇ ಮನೆ' ವಾದಿಗಳು ತಮ್ಮ ಗಟ್ಟಿ ಸಾಕ್ಷಿ ಎಂದು ತರುತ್ತಾರೆ. ಅಲ್ಲಿ ಪಾತ್ರಗಳಷ್ಟೇ ಅಲ್ಲ, ನಿರೂಪಕನೂ ಕೆರಿಬಿಯನ್ ಆಡುನುಡಿಯ ಲಯದ ಇಂಗ್ಲಿಷಿನಲ್ಲೇ ಕತೆ ಹೇಳುತ್ತಾನೆ. ಭಾನುವಾರ ಬೆಳಿಗ್ಗೆ ಹುಡುಗರೆಲ್ಲ ಸೇರಿ ಆ ನುಡಿಯಲ್ಲಿ ಹರಟುತ್ತಾರೆ. ಆದರೆ ಎಲ್ಲಿ ಸೇರುತ್ತಾರೆ? ಮೋಸೆಸ್‌ನ ಕೋಣೆಯಲ್ಲಿ. ಬೇಸ್‌ವಾಟರ್‌ನ ಆ ಒಂದೇ ಕೋಣೆಗೆ ರಾತ್ರಿ ಪಾಳಿಯಲ್ಲಿ ದುಡಿದು ಬಾಡಿಗೆ ಕಟ್ಟುವವನು ಮೋಸೆಸ್. ಭಾಷೆಗೆ ಕೂಡಲು ಒಂದು ಜಾಗ ಬೇಕು, ಆ ಜಾಗಕ್ಕೆ ಯಾರಾದರೂ ದುಡ್ಡು ತೆರಬೇಕು. ಕಾದಂಬರಿ ಇದನ್ನು ಎಲ್ಲೂ ಮರೆಯುವುದಿಲ್ಲ, ಮರೆಯುವವರು ನಾವು.

ಬಾಡಿಗೆಯನ್ನು ಬಾಡಿಗೆಯಾಗಿಯೇ ಓದುವುದರಿಂದ ಸಾಹಿತ್ಯ ಸಮಾಜಶಾಸ್ತ್ರವಾಗಿಬಿಡುತ್ತದೆ ಎಂಬ ಆಕ್ಷೇಪ ಇದ್ದೇ ಇದೆ. ನನಗೆ ಕಾಣುವುದು ಇದಕ್ಕೆ ವಿರುದ್ಧ: ಕೃತಿಯ ಆಕಾರ ಆಗಲೇ ಸ್ಪಷ್ಟವಾಗುತ್ತದೆ. ಸೆಲ್ವನ್ನರ ಕಾದಂಬರಿಗೆ ಅಧ್ಯಾಯಗಳಿಲ್ಲ, ಹೇಳಿಕೊಳ್ಳುವಂಥ ಕಥಾವಸ್ತುವೂ ಇಲ್ಲ. ಒಬ್ಬೊಬ್ಬರೇ ಬರುತ್ತಾರೆ, ತಮ್ಮ ಪ್ರಸಂಗ ಮುಗಿಸಿ ಹೋಗುತ್ತಾರೆ, ಬಾಡಿಗೆ ವಠಾರದ ಮೆಟ್ಟಿಲಲ್ಲಿ ಎದುರಾಗುವವರ ಹಾಗೆ. ನಡುವೆ ಲಂಡನ್ನಿನ ಬೇಸಿಗೆಯನ್ನು ಕುರಿತ ಪುಟಗಟ್ಟಲೆ ಉದ್ದದ, ವಿರಾಮಚಿಹ್ನೆಗಳಿಲ್ಲದ ಒಂದು ಭಾಗ ಬರುತ್ತದೆ. ಅದನ್ನು ಆಧುನಿಕತಾವಾದಿ ಪ್ರಯೋಗ ಎಂದು ಗುರುತಿಸಿ ಸುಮ್ಮನಾಗುತ್ತೇವೆ. ಆದರೆ ಆ ಭಾಗದಲ್ಲಿ ಎಲ್ಲರೂ ಉದ್ಯಾನದಲ್ಲಿ, ಬೀದಿಯಲ್ಲಿ, ಬಿಸಿಲಲ್ಲಿ ಇದ್ದಾರೆ. ಅದು ಕೋಣೆಗೆ ವಾಪಸು ಹೋಗಲು ಮನಸ್ಸಿಲ್ಲದವರ ವಾಕ್ಯ. ಪೂರ್ಣವಿರಾಮ ಬಿದ್ದರೆ ಬಾಗಿಲು ಬಂತೆಂದೇ ಅರ್ಥ.

ಇನ್ನೊಂದು ಸಂಗತಿ ನಮ್ಮ ಸಿದ್ಧ ಓದಿಗೆ ಇನ್ನೂ ಹೆಚ್ಚು ಇರುಸುಮುರುಸು ತರುವಂಥದ್ದು. ಸೆಲ್ವನ್ನರ ಕಾದಂಬರಿಯ ಆರಂಭದಲ್ಲೇ, ವಾಟರ್ಲೂ ನಿಲ್ದಾಣದಲ್ಲಿ, ಹೊಸದಾಗಿ ಬಂದಿಳಿಯುವ ತನ್ನ ದೇಶದವರನ್ನೇ ಬಾಡಿಗೆಗೆ ಹಿಡಿಯಲು ನಿಂತ ಜಮೈಕಾದ ಮನೆಮಾಲೀಕನೊಬ್ಬನಿದ್ದಾನೆ; ಬ್ರಿಕ್ಸ್‌ಟನ್‌ನಲ್ಲಿ ಅವನ ಮನೆಗಳಿವೆ. ಎಮೆಚೆಟಾರಲ್ಲಿ ಆದಾಳನ್ನು ಮೊದಲು ಹೊರಹಾಕುವುದು ನೈಜೀರಿಯಾದವರ ಮನೆಯಿಂದಲೇ: ಅವಳು ಇಗ್ಬೊ, ಮನೆಯವರು ಯೊರುಬಾ, ಮಕ್ಕಳನ್ನು ಸಾಕಲು ಬೇರೆಯವರಿಗೆ ಕೊಡದೆ ತನ್ನ ಜೊತೆಯಲ್ಲೇ ಇಟ್ಟುಕೊಂಡಿದ್ದಾಳೆಂಬ ಹೊಟ್ಟೆಕಿಚ್ಚು ಬೇರೆ. ಕೊನೆಗೆ ಅವಳಿಗೆ ಸಿಗುವುದು ಪಾ ನೋಬಲ್ ಎಂಬ ಇನ್ನೊಬ್ಬ ನೈಜೀರಿಯನ್ನನ ಮನೆ, ಬೇರೆ ಯಾರೂ ಕೊಡದ ಕಾರಣಕ್ಕೆ. ವರ್ಣಭೇದ ಬರಿಯ ಅವಮಾನವಲ್ಲ, ಅದೊಂದು ಮಾರುಕಟ್ಟೆ. ಹತ್ತು ಬಾಗಿಲು ಮುಚ್ಚಿದ್ದರಿಂದಲೇ ಹನ್ನೊಂದನೆಯ ಬಾಗಿಲಿಗೆ ಬೆಲೆ ಬರುತ್ತದೆ, ಆ ಬೆಲೆಯನ್ನು ವಸೂಲಿ ಮಾಡುವವನು ನಮ್ಮವನೇ ಆಗಿರಬಹುದು. 'ದೇಶಭ್ರಷ್ಟರ ಬಂಧುತ್ವ' ಎಂದು ಬರೆಯುವಾಗ ಈ ಮಾಲೀಕರನ್ನು ಎಲ್ಲಿಡುತ್ತೇವೆ?

ಮನೆಯನ್ನು ಹೀಗೆ ಥಟ್ಟನೆ ರೂಪಕವಾಗಿಸುವ ಅಭ್ಯಾಸ ನಮಗೆ ಇಂಗ್ಲಿಷ್ ಸಿದ್ಧಾಂತಗಳಿಂದ ಮಾತ್ರ ಬಂದದ್ದಲ್ಲ. ಈ ಲೋಕದ ಮನೆ ನಮ್ಮದಲ್ಲ ಎಂಬ ಭಾವ ದಾಸರ ಪದಗಳಿಂದ ನಮ್ಮ ಕಿವಿಗೆ ಇಳಿದಿದೆ. ಆದರೆ ದೇಹವನ್ನೇ ದೇಗುಲವೆನ್ನುವ ಬಸವಣ್ಣನವರ ವಚನವನ್ನು ಮತ್ತೊಮ್ಮೆ ನೆನೆಯಿರಿ. ಅದು ಶುರುವಾಗುವುದು ದುಡ್ಡಿದ್ದವರು ಏನು ಕಟ್ಟಬಲ್ಲರು, ಬಡವನಿಗೆ ಏನು ಸಾಧ್ಯ ಎಂಬ ಲೆಕ್ಕದಿಂದ. ಕಾಲು, ತಲೆಗಳು ಕಂಬ, ಕಳಸಗಳಾಗುವುದು ಆ ಲೆಕ್ಕವನ್ನು ಹೇಳಿದ ಮೇಲೆ. ಲೆಕ್ಕವನ್ನು ತೆಗೆದರೆ ಉಳಿಯುವುದು ಚಂದದ ಹೋಲಿಕೆ ಮಾತ್ರ, ವಚನದ ಸಿಟ್ಟು ಉಳಿಯುವುದಿಲ್ಲ.

ಊಟದ ಪದ್ಧತಿ ಕೇಳಿ, ಅಡ್ಡಹೆಸರು ಕೇಳಿ, ಆಮೇಲೆ ಮನೆ ಈಗಷ್ಟೇ ಹೋಯಿತು ಎನ್ನುವ ವಾಕ್ಯ ಬೆಂಗಳೂರಿನಲ್ಲಿ ಮನೆ ಹುಡುಕಿದ ಅನೇಕರಿಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ. ಅಂಥ ಓದುಗರು ಆದಾಳ ಫೋನ್ ಕರೆಯನ್ನು ಯಾವ ಪರಿಭಾಷೆಯ ನೆರವೂ ಇಲ್ಲದೆ ಓದಬಲ್ಲರು. ವಿಮರ್ಶೆ ಅವರಿಗಿಂತ ಕಡಿಮೆ ಕಾಣಬಾರದು.