ಕುರುಡು ಬಾದಶಹನ ಗದ್ಯ

ಇತಿಹಾಸದ ಪುಸ್ತಕಗಳಲ್ಲಿ ಎರಡನೆಯ ಷಾ ಆಲಮನ ಪಾಲಿಗೆ ಬರುವುದು ಒಂದು ವಿಶೇಷಣ, ಒಂದು ದೃಶ್ಯ. ವಿಶೇಷಣ ‘ದುರ್ಬಲ’. ದೃಶ್ಯ, 1788ರ ಆಗಸ್ಟಿನಲ್ಲಿ ದಿಲ್ಲಿಯ ಕೋಟೆಯೊಳಗೆ ರೋಹಿಲ್ಲರ ಗುಲಾಂ ಕಾದಿರ್ ಅವನ ಕಣ್ಣು ಕಿತ್ತದ್ದು. ಹೆಸರಿನ ಅರ್ಥವೋ ‘ಲೋಕದೊಡೆಯ’. ರಾಜ್ಯವೋ ದಿಲ್ಲಿಯಿಂದ ಹತ್ತಿರದ ಪಾಲಂವರೆಗೆ ಎಂದು ಜನ ಆಡಿಕೊಂಡರು.

ದುರ್ಬಲನೆಂಬುದನ್ನು ನಾನು ಅಲ್ಲಗಳೆಯಲಾರೆ. 1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಗಳ ದಿವಾನಿಯನ್ನು ವರ್ಷಕ್ಕೆ 26 ಲಕ್ಷ ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟವನು ಅವನೇ. ಮರಾಠರ ಆಶ್ರಯದಲ್ಲಿ 1772ರಲ್ಲಿ ದಿಲ್ಲಿಗೆ ಮರಳಿದ ಮೇಲೆ ಕಂಪನಿ ಆ ಹಣವನ್ನೂ ನಿಲ್ಲಿಸಿತು. ನಮ್ಮ ಟೀಪು ಸುಲ್ತಾನನಂತೂ ಶುಕ್ರವಾರದ ಖುತ್ಬಾದಿಂದ ಅವನ ಹೆಸರನ್ನೇ ತೆಗೆಸಿಬಿಟ್ಟ.

ಆದರೆ ಈ ಮನುಷ್ಯ ‘ಆಫ್ತಾಬ್’, ಎಂದರೆ ಸೂರ್ಯ, ಎಂಬ ಅಂಕಿತದ ಕವಿಯೂ ಹೌದು. ಕಣ್ಣು ಹೋದ ನಾಲ್ಕೈದು ವರ್ಷಕ್ಕೆ ‘ಅಜಾಯಿಬುಲ್ ಕಸಸ್’ ಎಂಬ ಉರ್ದು ಗದ್ಯಕಥೆಯನ್ನು ಹೇಳಿ ಬರೆಸಿದ. ಸರಳ ಉರ್ದು ಗದ್ಯದ ಹುಟ್ಟನ್ನು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಲೆಕ್ಕಕ್ಕೆ ಬರೆಯುವುದು ವಾಡಿಕೆ. ಆ ಕಾಲೇಜು ತೆರೆದದ್ದು 1800ರಲ್ಲಿ! ಅದಕ್ಕೆ ಮೊದಲೇ ದಿಲ್ಲಿಯ ಅರಮನೆಯ ಆಡುಮಾತು ಈ ಪುಸ್ತಕದಲ್ಲಿ ಗದ್ಯವಾಗಿ ನಿಂತಿದೆ. ಸಾಹಿತ್ಯಚರಿತ್ರಕಾರರು ಇದನ್ನು ದೊರೆಯ ಹವ್ಯಾಸವೆಂದು ಬದಿಗಿರಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಕನಿಕರದಿಂದ ಹೊಗಳಬೇಕಾಗಿಲ್ಲ. ಕಥೆಯಾಗಿ ಇದು ಹೆಚ್ಚಿನದೇನಲ್ಲ. ರಾಜಕುಮಾರ, ಪ್ರೇಮ, ಪರಿಯರು, ಮಾಯೆ—ದಾಸ್ತಾನುಗಳ ಮಾಮೂಲು ಸರಕು. ಮೀರ್‌ನಂಥ ಕವಿ ಬದುಕಿದ್ದ ಕಾಲದ ಉರ್ದುವಿನಲ್ಲಿ ಇದಕ್ಕೆ ಮೇಲಿನ ಪೀಠ ಸಲ್ಲದು.

ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೆ. ದರ್ಬಾರಿನ ರೀತಿನೀತಿ, ಉಡುಗೆತೊಡುಗೆ, ಒಡವೆ, ಊಟದ ಬಗೆಗಳು ಬಂದಾಗ ಬಾದಶಹನಿಗೆ ಆತುರವೇ ಇಲ್ಲ. ಕಥೆ ಕಾದು ಕುಳಿತಿರುತ್ತದೆ. ವಾಸ್ತವದಲ್ಲಿ ಆಗ ಏನು ಉಳಿದಿತ್ತು? ಗುಲಾಂ ಕಾದಿರ್ ನಿಧಿಯ ಆಸೆಗೆ ಅರಮನೆಯ ನೆಲವನ್ನೂ ಅಗೆಸಿದ್ದ. ಕೋಟೆಯಲ್ಲಿ ಅಧಿಕಾರ ನಡೆಯುತ್ತಿದ್ದದ್ದು ಮಹಾದಜಿ ಸಿಂಧ್ಯನದು. ಇದ್ದಿದ್ದರೂ ನೋಡಲು ಕಣ್ಣಿಲ್ಲ. ವರ್ಣನೆಯ ಅತಿ ಎಂದು ವಿಮರ್ಶಕ ಗೆರೆ ಎಳೆಯಬಹುದಾದ ಈ ಪುಟಗಳೇ ಪುಸ್ತಕದ ಜೀವವೆಂದು ನನ್ನ ಎಣಿಕೆ. ಇದನ್ನು ವಿಲಾಪವೆಂದು ಓದುವವರಿದ್ದಾರು. ನನಗೆ ಕೇಳುವುದು ಅಪ್ಪಣೆ ಕೊಡುವ ದನಿ. ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತ ದರ್ಬಾರು ಈ ದೊರೆಗೆ ದೊರೆತದ್ದು ಲಿಪಿಕಾರನ ಎದುರಿನಲ್ಲಿ.

1797ರಲ್ಲಿ ಸಿದ್ಧವಾದ ಅವನ ಹಾಡುಗಳ ಸಂಕಲನ ‘ನಾದಿರಾತೆ ಶಾಹಿ’ ರಾಂಪುರದಲ್ಲಿ 1944ರಲ್ಲಿ ಅಚ್ಚಾಯಿತು. ಹೋಳಿಯ ಹಾಡುಗಳೂ ಅದರಲ್ಲುಂಟು. ಫಾರಸಿ, ನಾಗರಿ ಎರಡೂ ಲಿಪಿಗಳುಂಟು. ಸಂಗೀತ ಬಲ್ಲವರು ಅದರ ಬೆಲೆ ಕಟ್ಟಲಿ. ಗದ್ಯವನ್ನು ಕನ್ನಡಕ್ಕೆ ತರಲು ಹೊರಡುವವರು ಮಾತ್ರ ದರ್ಬಾರಿನ ಪುಟಗಳಿಂದ ಆರಂಭಿಸಬೇಕು, ಪರಿಯರು ಕಾಯಬಹುದು.